ಸಹಿಯೆಂಬ ಅಮಾನತ್ತು

ಮಗ್ರಿಬ್ ನಮಾಝಿನ ಬಳಿಕ ನಡೆಯುವ ನಮ್ಮ ತರಗತಿಯಲ್ಲಿ ಮಧುಗಿರಿಯ ಮಕ್ಕಳಲ್ಲದೆ ಶಿರಾ, ಕೊರಟಗೆರೆ, ಪಾವಗಡಗಳಿಂದ ಬಂದು ಇಲ್ಲಿಯೇ ತಂಗಿ ಓದುವ ಮಕ್ಕಳೂ ಕೂರುತ್ತಾರೆ. ಹಗಲು ಶಾಲೆಯಲ್ಲಿ ಓದಿ, ಸಂಜೆ ದೀನೀ ಶಿಕ್ಷಣ ಪಡೆಯುವ ಮಕ್ಕಳವರು. ಅವರಲ್ಲಿ ಹತ್ತನೆಯ ತರಗತಿಯ ಚುರುಕಾದ ಬಾಲಕನೊಬ್ಬ ತನ್ನ ಅಣ್ಣನ ಮೊಬೈಲಿನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಿಟ್ಲರನ ಚಿತ್ರವೊಂದನ್ನು ಹಾಕಿದ್ದಾನೆಂಬ ಸಂಗತಿ ನಮ್ಮ ಕಿವಿಗೆ ಬಿತ್ತು. ಕರೆದು ಕೇಳಿದೆವು. ಆತ ಹೆದರಲಿಲ್ಲ, ಸುಳ್ಳಾಡಲಿಲ್ಲ. "ಹಜ್ರತ್, ಫೆಲೆಸ್ತೀನಿನಲ್ಲಿ ನಮ್ಮ ಮಕ್ಕಳನ್ನು ಕೊಲ್ಲುತ್ತಿರುವವರನ್ನು ಅಂದು ಅವನು ಕೊಂದ. ಅವನು ಮಾಡಿದ್ದರಲ್ಲಿ ತಪ್ಪೇನಿದೆ?" ಎಂದು ನೇರವಾಗಿ ಕೇಳಿದ. ಉಳಿದ ಮಕ್ಕಳು ಮಾತನಾಡಲಿಲ್ಲ. ಆ ಮೌನದಲ್ಲಿ ಸಮ್ಮತಿಯಿತ್ತು.

ನಮಗೆ ಆ ಬಾಲಕನ ಮೇಲೆ ಕೋಪ ಬರಲಿಲ್ಲ. ನಮ್ಮ ಬಗ್ಗೆಯೇ ನಾಚಿಕೆಯಾಯಿತು. ವುಝೂವಿನ ಫರ್ಝ್‌ಗಳನ್ನು ತಪ್ಪಿಲ್ಲದೆ ಹೇಳಬಲ್ಲ ಮಗುವಿಗೆ ನ್ಯಾಯದ ಫರ್ಝ್ ಯಾವುದೆಂದು ನಾವು ಕಲಿಸಿರಲಿಲ್ಲ. ಅಂದು ಕೊಟ್ಟ ಉತ್ತರ ಅವಸರದ್ದಾಗಿತ್ತು. ಇಂದು ಅದನ್ನು ಸಮಾಧಾನದಿಂದ ಬರೆಯುತ್ತಿದ್ದೇವೆ. ಇದು ಆ ಬಾಲಕನಿಗಷ್ಟೇ ಅಲ್ಲ, ಅವನ ತಂದೆ ತಾಯಿಯರಿಗೂ ನಮಗೂ ಅನ್ವಯಿಸುವ ಉತ್ತರವಾಗಿದೆ.

ಮೊದಲನೆಯದಾಗಿ, ಹಿಟ್ಲರನು ಯಾರನ್ನು ಕೊಂದನೆಂಬುದನ್ನು ಸರಿಯಾಗಿ ತಿಳಿಯೋಣ. ಟಿಪ್ಪು ಸುಲ್ತಾನರ ವಂಶದ ಕುಡಿಯಾದ ನೂರ್ ಇನಾಯತ್ ಖಾನ್ 1914ರಲ್ಲಿ ಮಾಸ್ಕೋದಲ್ಲಿ ಜನಿಸಿ, ಫ್ರಾನ್ಸಿನಲ್ಲಿ ಬೆಳೆದು, ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದ ಮೃದು ಸ್ವಭಾವದ ಹೆಣ್ಣುಮಗಳು. ನಾಝಿಗಳು ಫ್ರಾನ್ಸನ್ನು ಆಕ್ರಮಿಸಿದಾಗ ಆಕೆ ನಿಸ್ತಂತು ಸಂದೇಶ ಕಳುಹಿಸುವ ಕೆಲಸಕ್ಕಾಗಿ ಗುಪ್ತವಾಗಿ ಪ್ಯಾರಿಸ್ ಸೇರಿದರು. ಕೊನೆಗೆ ಸೆರೆಸಿಕ್ಕು, ಸಂಕೋಲೆಯಲ್ಲಿ ತಿಂಗಳುಗಟ್ಟಲೆ ಕಳೆದು, 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಗುಂಡಿಗೆ ಬಲಿಯಾದರು. ಆಗ ಅವರ ವಯಸ್ಸು 30. ಯಾವ ಸುಲ್ತಾನರ ಹೆಸರನ್ನು ನಮ್ಮ ಮಕ್ಕಳು ಅಭಿಮಾನದಿಂದ ಹೇಳುತ್ತಾರೋ, ಅದೇ ಸುಲ್ತಾನರ ಮನೆತನದ ಮಗಳನ್ನು ಕೊಂದವನ ಚಿತ್ರವನ್ನು ಅವರೇ ಹಂಚುವುದೆಂದರೆ ಅದೆಂತಹ ಅಜ್ಞಾನ!

ಎರಡನೆಯದು ಇದಕ್ಕಿಂತಲೂ ದೊಡ್ಡ ಮಾತು. ಕೊಲ್ಲಲ್ಪಟ್ಟವರು ನಮ್ಮವರಾದುದರಿಂದ ಕೊಲೆ ತಪ್ಪಾಗುವುದಲ್ಲ. ನಾಝಿಗಳು ಸುಮಾರು 60 ಲಕ್ಷ ಯಹೂದಿಯರನ್ನು ಕೊಂದರು. ಅವರಲ್ಲಿ ಹಾಲುಗಲ್ಲದ ಕೂಸುಗಳೂ ನಡೆಯಲಾರದ ಮುದುಕಿಯರೂ ಇದ್ದರು. ಒಂದು ಸಮುದಾಯದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖರನ್ನಾಗಿಸಬಾರದೆಂದು ಸೂರಃ ಅಲ್ ಮಾಇದಃದ 8ನೇ ಸೂಕ್ತವು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಅನ್ಯಾಯವಾಗಿ ಒಂದು ಜೀವ ತೆಗೆಯುವುದು ಸಕಲ ಮಾನವಕುಲವನ್ನು ಕೊಂದುದಕ್ಕೆ ಸಮ, ಒಂದು ಜೀವ ಉಳಿಸುವುದು ಸಕಲರನ್ನು ಉಳಿಸಿದುದಕ್ಕೆ ಸಮ ಎಂಬ ಸುಪ್ರಸಿದ್ಧ ಬೋಧನೆ ಅದೇ ಅಧ್ಯಾಯದ 32ನೇ ಸೂಕ್ತದಲ್ಲಿದೆ. ನಾವು ವೇದಿಕೆಗಳಲ್ಲಿ ಅದನ್ನು ಬಹಳ ಸಲ ಹೇಳುತ್ತೇವೆ. ಆದರೆ ಈ ಆದೇಶವನ್ನು ಬನೀ ಇಸ್ರಾಈಲರಿಗೆ ವಿಧಿಸಲಾಗಿತ್ತೆಂದು ಅದೇ ಸೂಕ್ತವು ಆರಂಭದಲ್ಲಿಯೇ ಹೇಳುವುದನ್ನು ಎಷ್ಟು ಮಂದಿ ಗಮನಿಸಿದ್ದೇವೆ?

ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡವನೊಬ್ಬನು ಕಳವು ಮಾಡಿ, ಅಪವಾದವನ್ನು ಓರ್ವ ಯಹೂದಿಯ ತಲೆಗೆ ಕಟ್ಟಲು ಯತ್ನಿಸಿದನು. ಅವನ ಬಂಧುಗಳು ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬಂದು ಅವನ ಪರವಾಗಿ ವಾದಿಸಿದರು. ಆಗ ಸೂರಃ ಅನ್ನಿಸಾದ 105ನೇ ಸೂಕ್ತದಿಂದ ಮುಂದಿನ ಸೂಕ್ತಗಳು ಅವತೀರ್ಣಗೊಂಡು ಆ ಯಹೂದಿಯು ನಿರ್ದೋಷಿಯೆಂದು ಸಾರಿದುವೆಂದು ತಫ್ಸೀರ್ ಗ್ರಂಥಗಳು ವಿವರಿಸುತ್ತವೆ. ಪ್ರವಾದಿವರ್ಯರು(ಸ) ಯಹೂದಿಯೊಬ್ಬನ ಶವಯಾತ್ರೆ ಹಾದುಹೋದಾಗ ಎದ್ದು ನಿಂತರು. ಅದು ಯಹೂದಿಯ ಶವವೆಂದು ಹೇಳಿದವರಿಗೆ, ಅವನೂ ಒಂದು ಜೀವವಲ್ಲವೇ ಎಂಬ ಅರ್ಥದಲ್ಲಿ ಮರುಪ್ರಶ್ನೆ ಹಾಕಿದರು. ಇದು ಬುಖಾರಿಯಲ್ಲಿ ವರದಿಯಾಗಿರುವ ಘಟನೆ. ಸತ್ತ ಒಬ್ಬ ಯಹೂದಿಗಾಗಿ ಎದ್ದು ನಿಂತ ಪ್ರವಾದಿಯ ಅನುಯಾಯಿಗಳು ಕೊಲ್ಲಲ್ಪಟ್ಟ 60 ಲಕ್ಷ ಮಂದಿಯ ವಿಷಯದಲ್ಲಿ ನಗುವುದು ಹೇಗೆ ಸಾಧ್ಯ?

ಹಾಗಾದರೆ ಫೆಲೆಸ್ತೀನಿನ ಗತಿಯೇನೆಂದು ಆ ಬಾಲಕ ಕೇಳುತ್ತಾನೆ. ಕೇಳಲೇಬೇಕು. 1948ರಲ್ಲಿ ಸುಮಾರು 7 ಲಕ್ಷ ಫೆಲೆಸ್ತೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ಗಾಝಾದ ಮಕ್ಕಳ ರಕ್ತವನ್ನು ಕಂಡು ಕಣ್ಣೀರು ಬಾರದವನ ಹೃದಯದಲ್ಲಿ ಈಮಾನ್ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಯುರೋಪಿನಲ್ಲಿ ಯಹೂದಿಯರಿಗಾದ ಅನ್ಯಾಯವನ್ನು ತೋರಿಸಿ ಫೆಲೆಸ್ತೀನಿಯರಿಗೆ ಆಗುತ್ತಿರುವ ಅನ್ಯಾಯವನ್ನು ಮುಚ್ಚಿಡಲಾಗದು. ಅದೇ ರೀತಿ ಫೆಲೆಸ್ತೀನಿಯರಿಗೆ ಆಗುತ್ತಿರುವ ಅನ್ಯಾಯವನ್ನು ತೋರಿಸಿ ಯುರೋಪಿನ ಯಹೂದಿಯರ ಹತ್ಯೆಯನ್ನು ಸಮರ್ಥಿಸಲೂ ಆಗದು. ಎರಡು ಕಡೆಗೂ ಒಂದೇ ತಕ್ಕಡಿ, ಒಂದೇ ತೂಕದ ಕಲ್ಲು. ಅಳತೆಯಲ್ಲಿ ಮೋಸ ಮಾಡುವವರಿಗೆ ಕುರ್‌ಆನ್ ನೀಡಿರುವ ಎಚ್ಚರಿಕೆ ಸಂತೆಯ ವ್ಯಾಪಾರಿಗಳಿಗಷ್ಟೇ ಅಲ್ಲ.

ಇನ್ನು ಆ ಕಾಲದ ಜಗತ್ತನ್ನು ನೋಡೋಣ. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬಲ್ಲಿ 32 ದೇಶಗಳು ಸಭೆ ಸೇರಿದುವು. ಜರ್ಮನಿಯಿಂದ ಪಲಾಯನ ಮಾಡುತ್ತಿದ್ದ ಯಹೂದಿಯರಿಗೆ ಯಾರು ಎಷ್ಟು ಮಂದಿಗೆ ಆಶ್ರಯ ನೀಡುವರೆಂಬುದು ಚರ್ಚೆಯ ವಿಷಯವಾಗಿತ್ತು. ಸಹಾನುಭೂತಿಯ ಭಾಷಣಗಳು ಧಾರಾಳವಾಗಿ ನಡೆದುವು. ಬಾಗಿಲುಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಮುಚ್ಚಿಯೇ ಉಳಿದುವು. ಆಗ ಒಂದು ಜೀವದ ಉಳಿವಳಿವು ಒಂದು ಕಾಗದದ ಮೇಲೆ, ಆ ಕಾಗದದ ಮೇಲಿನ ಒಂದು ಮೊಹರಿನ ಮೇಲೆ, ಆ ಮೊಹರಿನ ಕೆಳಗಿನ ಒಂದು ಸಹಿಯ ಮೇಲೆ ನಿಂತಿತ್ತು.

ಅಂತಹ ಸಹಿ ಹಾಕಿದ ಕೆಲವರಿದ್ದರು. ಲಿಥುವೇನಿಯಾದ ಕೌನಸ್‌ನಲ್ಲಿದ್ದ ಜಪಾನಿನ ಅಧಿಕಾರಿ ಚಿಯುನೆ ಸುಗಿಹಾರ ಅನುಮತಿಗಾಗಿ ಟೋಕಿಯೋಗೆ ಮತ್ತೆ ಮತ್ತೆ ಬರೆದು, ನಿರಾಕರಣೆಯನ್ನೇ ಪಡೆದು, ಕೊನೆಗೆ 1940ರ ಬೇಸಿಗೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ವೀಸಾಗಳನ್ನು ಕೈಯಾರೆ ಬರೆದುಕೊಟ್ಟರು. 1947ರಲ್ಲಿ ಅವರ ನೌಕರಿ ಹೋಯಿತು. ಫ್ರಾನ್ಸಿನ ಬೋರ್ಡೋ ನಗರದಲ್ಲಿದ್ದ ಪೋರ್ಚುಗಲ್ಲಿನ ಅರಿಸ್ಟಿಡೆಸ್ ಡಿ ಸೋಸಾ ಮೆಂಡೆಸ್ ತಮ್ಮ ಸರ್ಕಾರದ ಸುತ್ತೋಲೆಯನ್ನು ಮೀರಿ ಸಾವಿರಾರು ಮಂದಿಗೆ ವೀಸಾ ನೀಡಿದರು. ಶಿಸ್ತುಕ್ರಮಕ್ಕೆ ಒಳಗಾಗಿ, ಬಡತನದಲ್ಲಿ 1954ರಲ್ಲಿ ತೀರಿಕೊಂಡರು.

ನಮ್ಮ ದೀನಿನ ಸಹೋದರರೂ ಈ ಸಾಲಿನಲ್ಲಿದ್ದಾರೆ. ಪ್ಯಾರಿಸ್‌ನಲ್ಲಿ ಇರಾನಿನ ರಾಯಭಾರ ಕಾರ್ಯಾಲಯದ ಹೊಣೆ ಹೊತ್ತಿದ್ದ ಅಬ್ದುಲ್ ಹುಸೈನ್ ಸರ್ದಾರಿಯವರು ಇರಾನಿ ಯಹೂದಿಯರು ನಾಝಿಗಳ ಜನಾಂಗೀಯ ಕಾನೂನಿಗೆ ಒಳಪಡುವುದಿಲ್ಲವೆಂದು ಅಧಿಕಾರಿಗಳೊಡನೆ ಪಟ್ಟುಹಿಡಿದು ವಾದಿಸಿದರು. ಅವರಿಗೆ ಇರಾನಿ ಪಾಸ್‌ಪೋರ್ಟ್‌ಗಳನ್ನು ನೀಡಿದರು. ಸ್ವದೇಶಕ್ಕೆ ಮರಳುವಂತೆ ಆದೇಶ ಬಂದರೂ ಪ್ಯಾರಿಸ್ ಬಿಡಲಿಲ್ಲ. ತರುವಾಯ ಅದೇ ಪಾಸ್‌ಪೋರ್ಟ್‌ಗಳಿಗಾಗಿ ತಮ್ಮ ಸರ್ಕಾರದ ಆರೋಪವನ್ನೂ ಎದುರಿಸಿದರು. ಈ ಬಗ್ಗೆ ಬಹಳ ವರ್ಷಗಳ ನಂತರ ವಿಚಾರಿಸಿದವರಿಗೆ ಅವರು ಕೊಟ್ಟ ಉತ್ತರದ ಸಾರ ಇಷ್ಟೇ: ಇರಾನಿಯರನ್ನು ಕಾಪಾಡುವುದು ತನ್ನ ಕರ್ತವ್ಯವಾಗಿತ್ತು, ಇರಾನಿ ಯಹೂದಿಯರೂ ಇರಾನಿಯರೇ ಆಗಿದ್ದರು. 1981ರಲ್ಲಿ ಅವರು ನಿಧನರಾದರು.

ರೋಡ್ಸ್ ದ್ವೀಪದಲ್ಲಿದ್ದ ತುರ್ಕಿಯ ಕಾನ್ಸುಲ್ ಸಲಾಹುದ್ದೀನ್ ಉಲ್ಕುಮೆನ್ ಅವರದು ಇನ್ನೂ ಕಠಿಣ ಪರೀಕ್ಷೆ. 1944ರ ಜುಲೈನಲ್ಲಿ ಅಲ್ಲಿನ ಯಹೂದಿಯರನ್ನು ಆಶ್‌ವಿಟ್ಜ್‌ಗೆ ಸಾಗಿಸಲು ಒಟ್ಟುಗೂಡಿಸಿದಾಗ ಅವರು ಜರ್ಮನ್ ಸೇನಾಧಿಪತಿಯ ಮುಂದೆ ನಿಂತು, ತುರ್ಕಿಯ ಪ್ರಜೆಗಳನ್ನು ಬಿಡುವಂತೆ ಒತ್ತಾಯಿಸಿದರು. ಪ್ರಜೆಯ ಪತಿ ಅಥವಾ ಪತ್ನಿಯೂ ತುರ್ಕಿ ಕಾನೂನಿನಂತೆ ಪ್ರಜೆಯೇ ಎಂದು ವಾದಿಸಿದರು. ಅಂತಹ ಕಾನೂನೇ ಇರಲಿಲ್ಲ. ಸುಮಾರು 50 ಮಂದಿ ಹೀಗೆ ಬದುಕುಳಿದರು. ಆ ಬಳಿಕ ಕಾನ್ಸುಲೇಟ್ ಕಟ್ಟಡ ಬಾಂಬ್ ದಾಳಿಗೆ ಗುರಿಯಾಯಿತು. ತುಂಬು ಗರ್ಭಿಣಿಯಾಗಿದ್ದ ಅವರ ಪತ್ನಿ ಮೆಹ್ರುನ್ನಿಸಾ ತೀವ್ರವಾಗಿ ಗಾಯಗೊಂಡು, ಗಂಡು ಮಗುವಿಗೆ ಜನ್ಮ ನೀಡಿ ಇಹಲೋಕ ತ್ಯಜಿಸಿದರು.

ಇವೆಲ್ಲ ದೂರದ ಕಥೆಗಳೆಂದು ಓದುಗರಿಗೆ ಅನಿಸಬಹುದು. ಹಾಗಲ್ಲ. ನಮ್ಮ ತಾತಂದಿರು ಪ್ರಜೆಗಳಾಗಿದ್ದ ಮೈಸೂರು ಸಂಸ್ಥಾನದಲ್ಲಿಯೇ ಇದೇ ಪರೀಕ್ಷೆ ನಡೆದಿತ್ತು. ಅಲ್ಲಿ ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು.

1933ರಲ್ಲಿ ನಾಝಿಗಳು ಯಹೂದಿಯರನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕುವ ಕಾನೂನು ತಂದರು. ಗೋಟಿಂಗೆನ್ ವಿಶ್ವವಿದ್ಯಾಲಯದ ಮಹಾನ್ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಹುದ್ದೆ ಕಳೆದುಕೊಂಡರು. ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ ಅವರು 1935-36ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಪಾಠ ಹೇಳಿದರು. ಅವರಿಗೆ ಶಾಶ್ವತ ಹುದ್ದೆ ದೊರಕಿಸಲು ರಾಮನ್ ಪ್ರಯತ್ನಿಸಿದರು. ಆದರೆ ಸಂಸ್ಥೆಯ ಸಭೆಯಲ್ಲಿ, ಸ್ವದೇಶದಿಂದಲೇ ಹೊರದಬ್ಬಲ್ಪಟ್ಟ ವಿದೇಶೀಯನೊಬ್ಬ ತಮ್ಮ ಸಂಸ್ಥೆಗೆ ತಕ್ಕವನಲ್ಲವೆಂದು ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಬಾರ್ನ್ ಅವರ ಎದುರಿನಲ್ಲಿಯೇ ಮಾತನಾಡಿದರು. ಬಾರ್ನ್ ಬೆಂಗಳೂರು ಬಿಟ್ಟು ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮನೆ ಬಾಗಿಲಿಗೆ ಬಂದ ಬರಕತ್ತನ್ನು ಒಂದು ಸಭೆಯ ಅಹಂಕಾರ ಹಿಂದಕ್ಕೆ ಕಳುಹಿಸಿತು.

ಬಾರ್ನ್ ಅವರ ಸೋದರಿಯ ಮಗ ಆಟೋ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಜನಿಸಿದ ಈ ವಾಸ್ತುಶಿಲ್ಪಿಗೂ 1933ರ ಬಳಿಕ ಜರ್ಮನಿಯಲ್ಲಿ ಅನ್ನದ ದಾರಿ ಮುಚ್ಚಿತು. ಈಜಿಪ್ಟಿಗೆ ಹೋಗಿ ಕೆಲಸ ಮಾಡುತ್ತಿದ್ದರು. ಪ್ರಾಚೀನ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ನಿರ್ಮಿಸುತ್ತಿದ್ದರೆಂಬುದು ಅವರ ಡಾಕ್ಟರೇಟ್ ಪ್ರಬಂಧದ ವಿಷಯವಾಗಿತ್ತು. ಬಾಗಿಲನ್ನು ಕುರಿತು ಅಧ್ಯಯನ ಮಾಡಿದ ಆ ವ್ಯಕ್ತಿಗೆ ತೆರೆದ ಬಾಗಿಲು ಸಿಕ್ಕಿದ್ದು ಮೈಸೂರಿನಲ್ಲಿ. ಸೋದರಮಾವನ ಬೆಂಗಳೂರಿನ ಪರಿಚಯ ದಾರಿಯಾಯಿತು. ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರು 1939ರಲ್ಲಿ ಅವರನ್ನು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಕರೆಸಿಕೊಂಡರು.

ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ದಿವಾನರಾಗಿದ್ದರು. ಅವರ ತಾತ ಅಲಿ ಅಸ್ಕರ್ ಪರ್ಷಿಯಾದ ಶೀರಾಝ್‌ನಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕುದುರೆ ವ್ಯಾಪಾರಿ. ಹೊರಗಿನಿಂದ ಬಂದವನ ಮೊಮ್ಮಗನನ್ನು ಸಹಪಾಠಿಯಾಗಿ ಪಡೆದು, ಆಪ್ತನಾಗಿ ನಂಬಿ, ರಾಜ್ಯದ ಆಡಳಿತವನ್ನೇ ಒಪ್ಪಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಹಿಂದೂ ಮಹಾರಾಜ, ಮುಸ್ಲಿಂ ದಿವಾನ, ಯಹೂದಿ ವಾಸ್ತುಶಿಲ್ಪಿ! ಯುರೋಪ್ ಹೊತ್ತಿ ಉರಿಯುತ್ತಿದ್ದ ವರ್ಷದಲ್ಲಿ ನಮ್ಮ ನಾಡಿನ ಸರ್ಕಾರಿ ಕಡತದಲ್ಲಿ ಈ ಮೂವರೂ ಕೂಡಿದ್ದರು.

ಇಲ್ಲಿ ನಾವು ಉತ್ಪ್ರೇಕ್ಷೆ ಮಾಡಬಾರದು. ಮಿರ್ಜಾ ಅವರು ಸುಗಿಹಾರರಂತೆ ಸಾವಿರಾರು ಮಂದಿಯನ್ನು ಕಾಪಾಡಲಿಲ್ಲ. ಆಜ್ಞೆ ಮೀರಿ ಅಪಾಯಕ್ಕೆ ಒಡ್ಡಿಕೊಳ್ಳಲೂ ಇಲ್ಲ. ಸಂಸ್ಥಾನಕ್ಕೆ ಸಮರ್ಥ ವಾಸ್ತುಶಿಲ್ಪಿ ಬೇಕಿತ್ತು, ಸಮರ್ಥನೊಬ್ಬನನ್ನು ಕರೆದರು. ಆದರೆ ಅದರ ಮಹತ್ವ ಇರುವುದೂ ಅಲ್ಲಿಯೇ. ಒಂದು ಸಭೆಗೆ ಅಯೋಗ್ಯತೆಯಾಗಿ ಕಂಡ ಸಂಗತಿಯನ್ನು, ಅಂದರೆ ಈತ ತನ್ನ ದೇಶದಿಂದ ಹೊರಹಾಕಲ್ಪಟ್ಟವನು ಎಂಬುದನ್ನು, ದಿವಾನರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿರಾಶ್ರಿತನಿಗೆ ಭಿಕ್ಷೆ ಹಾಕುವವರಿದ್ದಾರೆ. ಕೆಲಸ ಕೊಟ್ಟು ಮರ್ಯಾದೆ ಉಳಿಸುವವರು ವಿರಳ.

ಆ ಸಹಿಯ ಫಲವನ್ನು ನಾಡು ಉಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗದ ಕಟ್ಟಡಗಳನ್ನು ರೂಪಿಸಿದವರು ಇದೇ ಕೋನಿಗ್ಸ್‌ಬರ್ಗರ್. ಸೋದರಮಾವನಿಗೆ ಜಾಗವಿಲ್ಲವೆಂದ ಆವರಣದಲ್ಲಿ ಸೋದರಳಿಯನು ಗೋಡೆ ಎಬ್ಬಿಸಿದನು. ಭುವನೇಶ್ವರ ನಗರದ ಯೋಜನೆ 1948ರಲ್ಲಿ ಅವರಿಂದಲೇ ಸಿದ್ಧವಾಯಿತು. ಸ್ವತಂತ್ರ ಭಾರತ ಸರ್ಕಾರದಲ್ಲಿ ವಸತಿ ನಿರ್ದೇಶಕರಾಗಿ, ದೇಶ ವಿಭಜನೆಯಿಂದ ಮನೆ ಕಳೆದುಕೊಂಡು ಬಂದ ಲಕ್ಷಾಂತರ ಜನರ ವಸತಿಗಾಗಿ ದುಡಿದರು. ನಿರಾಶ್ರಿತನೊಬ್ಬನಿಗೆ ಬಾಗಿಲು ತೆರೆದರೆ ಅವನು ಸಾವಿರ ನಿರಾಶ್ರಿತರಿಗೆ ಬಾಗಿಲಿಡುತ್ತಾನೆ.

ಮುಸ್ಲಿಮರಾದ ನಮಗೆ ಇದು ಹೊಸ ಪಾಠವಲ್ಲ. ನಮ್ಮ ಸಮುದಾಯದ ಮೊದಲ ಋಣವೇ ಒಬ್ಬ ಕ್ರೈಸ್ತ ದೊರೆಯದು. ಮಕ್ಕಾದ ಹಿಂಸೆ ತಾಳಲಾರದೆ ಸಹಾಬಿಗಳ ಒಂದು ಗುಂಪು ಹಬಶಾಕ್ಕೆ ಹೋದಾಗ, ಕುರೈಶರು ಉಡುಗೊರೆಗಳ ಸಹಿತ ಇಬ್ಬರು ರಾಯಭಾರಿಗಳನ್ನು ಅಟ್ಟಿದರು. ನಮ್ಮ ಓಡಿಬಂದ ಆಳುಗಳನ್ನು ನಮಗೆ ಒಪ್ಪಿಸಿರಿ ಎಂಬುದು ಅವರ ಬೇಡಿಕೆ. ನಜ್ಜಾಶಿ ದೊರೆಯು ಅವರ ಮಾತಿಗೆ ತಲೆಯಾಡಿಸಿಬಿಡಬಹುದಾಗಿತ್ತು. ಹಾಗೆ ಮಾಡದೆ, ಆರೋಪಿತರ ಮಾತನ್ನೂ ಕೇಳಿದನು. ಜಅಫರ್ ಬಿನ್ ಅಬೂತಾಲಿಬ್(ರ) ಸೂರಃ ಮರ್ಯಮ್‌ನ ಸೂಕ್ತಗಳನ್ನು ಓದಿದಾಗ ಕಣ್ಣೀರಿಟ್ಟನು. ಉಡುಗೊರೆಗಳನ್ನು ಹಿಂತಿರುಗಿಸಿ, ಆಶ್ರಿತರನ್ನು ಉಳಿಸಿಕೊಂಡನು. ಆ ದೊರೆಯ ಸಭೆಯಲ್ಲಿ ಅಂದು ಬೇರೆ ತೀರ್ಪು ಬಂದಿದ್ದರೆ ಎಂದು ಒಮ್ಮೆ ಯೋಚಿಸಿರಿ.

ಕನ್ನಡ ಓದಿದವರಾದ ನಮಗೆ ಒಂದು ಪದ ಸದಾ ಕಾಡುತ್ತದೆ. ಅರಬಿಯಿಂದ ಬಂದ 'ಅಮಾನತ್ತು' ಎಂಬ ಪದಕ್ಕೆ ನಮ್ಮ ದೀನಿನಲ್ಲಿ ನಂಬಿ ಒಪ್ಪಿಸಿದ ಹೊಣೆ ಎಂಬ ಅರ್ಥವಿದೆ. ಕನ್ನಡದ ಕಛೇರಿಗಳಲ್ಲಿ ಅದೇ ಪದಕ್ಕೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು ಎಂಬ ಅರ್ಥ. ಸೋಸಾ ಮೆಂಡೆಸ್‌ರಂಥವರು ಮೊದಲನೆಯ ಅಮಾನತ್ತನ್ನು ಕಾಪಾಡುವುದಕ್ಕಾಗಿ ಎರಡನೆಯ ಅಮಾನತ್ತಿಗೆ ಒಳಗಾದರು. ನಾವು ಎರಡನೆಯದಕ್ಕೆ ಹೆದರಿ ಮೊದಲನೆಯದನ್ನು ಕೈಬಿಡುತ್ತೇವೆ.

ಇದು ಇತರರ ಮೇಲೆ ಹೊರಿಸುವ ಮಾತಲ್ಲ. ಕೆಲವು ವರ್ಷಗಳ ಹಿಂದೆ ಹೊರರಾಜ್ಯದ ಕೂಲಿಕಾರನೊಬ್ಬ ಗರ್ಭಿಣಿ ಪತ್ನಿಯೊಂದಿಗೆ ನಮ್ಮ ಮೊಹಲ್ಲಾದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ. ಯಾವ ಊರಿನವನೋ, ಯಾವ ಮಸ್ಲಕ್‌ನವನೋ ಎಂದು ಮನೆಗಳ ಒಡೆಯರು ಹಿಂಜರಿದರು. ಮಸೀದಿಯಿಂದ ಒಂದು ಪರಿಚಯ ಪತ್ರ ತಂದರೆ ಕೊಡುವುದಾಗಿ ಒಬ್ಬರು ಹೇಳಿದರಂತೆ. ಆತ ತನ್ನ ಆಧಾರ್ ಕಾರ್ಡ್ ಹಿಡಿದು ನಮ್ಮ ಬಳಿಗೆ ಬಂದ. ಆ ದಿನಗಳಲ್ಲಿ ಪತ್ರ ಬರೆಯುವ ಕೆಲಸ ನಮ್ಮದಾಗಿತ್ತು. ಪುಸ್ತಕವೂ ಮೊಹರೂ ನಮ್ಮ ಮೇಜಿನ ಮೇಲೆಯೇ ಇದ್ದುವು. ಆತ ಚಂದಾ ಕೊಡುವ ಸದಸ್ಯನಲ್ಲವೆಂಬ ಕಾರಣಕ್ಕೆ, "ಸಮಿತಿ ಸೇರಲಿ, ನೋಡೋಣ" ಎಂದುಬಿಟ್ಟೆವು. ಎಂಟು ದಿನಗಳ ಬಳಿಕ ಸಮಿತಿ ಸೇರಿತು. ಅಷ್ಟರಲ್ಲಿ ಅವರು ಊರು ಬಿಟ್ಟಿದ್ದರು. ಆ ಹೆಣ್ಣುಮಗಳ ಹೆರಿಗೆ ಎಲ್ಲಿ ಆಯಿತೋ, ಹೇಗೆ ಆಯಿತೋ, ಅಲ್ಲಾಹನೇ ಬಲ್ಲ. ಕಿಯಾಮತ್ ದಿನ ಆ ಖಾಲಿ ಹಾಳೆ ನಮ್ಮ ಕೈಗೆ ಬಂದರೆ ಏನು ಹೇಳುವುದೆಂದು ಇಂದಿಗೂ ತಿಳಿಯದು.

ನಮ್ಮ ಮೇಲೆ ಯಾವ ಸೇನಾಧಿಪತಿಯ ಒತ್ತಡವಿತ್ತು? ಯಾವ ಬಾಂಬಿನ ಭಯವಿತ್ತು? ಏನೂ ಇರಲಿಲ್ಲ. ಬರೀ ಉದಾಸೀನವಿತ್ತು. ಎವಿಯಾನ್‌ನ ಸಭೆ ಸೇರಿದವರೂ ನಾವು ಹೇಳಿದ ಮಾತನ್ನೇ ತಮ್ಮ ತಮ್ಮ ಭಾಷೆಯಲ್ಲಿ ಹೇಳಿದ್ದರು.

ಈ ನಾಲ್ಕು ತಾಲ್ಲೂಕುಗಳ ಜನರಾದ ನಮಗೆ ಬಾಗಿಲು ತಟ್ಟುವುದೆಂದರೇನೆಂದು ಚೆನ್ನಾಗಿ ಗೊತ್ತು. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷಗಳಲ್ಲಿ ಪಾವಗಡದಿಂದ, ಶಿರಾದಿಂದ ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತಿದವರು ನಾವು. ಕೊಲ್ಲಿ ರಾಷ್ಟ್ರಗಳಲ್ಲಿ ಇಕಾಮಾ ನವೀಕರಣವಾಗದೆ ಮಗ ಸಿಕ್ಕಿಹಾಕಿಕೊಂಡನೆಂದು ರಾತ್ರಿಯಿಡೀ ದುಆ ಮಾಡಿದ ತಾಯಂದಿರು ನಮ್ಮ ಮನೆಗಳಲ್ಲಿದ್ದಾರೆ. ಕಾಗದಪತ್ರಗಳ ಒಂದಕ್ಷರ ತಪ್ಪಾದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಅನುಭವಿಸಿದವರೇ ಇನ್ನೊಬ್ಬರ ಕಾಗದವನ್ನು ತಡೆದಿಟ್ಟರೆ ಅದು ಕೃತಘ್ನತೆ.

ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ಕೇಂದ್ರವಾಗಿತ್ತು. ಅಲ್ಲಿನ ಸುಬೇದಾರರ ಮೊಹರು ಬಿದ್ದ ಕಾಗದಕ್ಕೆ ದೂರದ ಪಾಳೆಯಗಾರರೂ ತಲೆಬಾಗುತ್ತಿದ್ದರು. ಆ ಮೊಹರುಗಳು ಇಂದು ಎಲ್ಲಿವೆ? 1696ರಲ್ಲಿ ಕಟ್ಟಿದ ಕಲ್ಲಿನ ಜುಮಾ ಮಸೀದಿ ಮಾತ್ರ ನಿಂತಿದೆ. ಅಧಿಕಾರ ಅಳಿಯುತ್ತದೆ, ಅಲ್ಲಾಹನಿಗಾಗಿ ಮಾಡಿದುದು ಉಳಿಯುತ್ತದೆ. ನಮ್ಮ ಮಕ್ಕಳಲ್ಲಿ ನಾಳೆ ಕೆಲವರು ತಾಲ್ಲೂಕು ಕಛೇರಿಯ ಗುಮಾಸ್ತರಾಗುವರು, ಶಾಲೆಯ ಮುಖ್ಯೋಪಾಧ್ಯಾಯರಾಗುವರು, ಆಸ್ಪತ್ರೆಯ ದಾಖಲಾತಿ ಬರೆಯುವವರಾಗುವರು, ಮಸೀದಿಯ ಸಮಿತಿಯಲ್ಲಿ ಕೂರುವರು. ಮೇಜಿನ ಆ ಬದಿಯಲ್ಲಿ ನಿಂತವನ ಜಾತಿ, ಧರ್ಮ, ಭಾಷೆ ಕೇಳದೆ ಅವನ ಹಕ್ಕಿನ ಸಹಿಯನ್ನು ಸಕಾಲದಲ್ಲಿ ಹಾಕುವುದನ್ನು ಅವರಿಗೆ ಈಗಲೇ ಕಲಿಸೋಣ. ಅದಕ್ಕಾಗಿ ಲಂಚ ಕೇಳದಿರುವುದನ್ನೂ ಕಲಿಸೋಣ.

ಆ ಬಾಲಕ ಚಿತ್ರವನ್ನು ಅಂದೇ ಅಳಿಸಿದ. ಚಿತ್ರ ಅಳಿಸುವುದು ಸುಲಭವೆಂದು ನಮಗೂ ಗೊತ್ತು. ಅವನಿಗೆ ಉಲ್ಕುಮೆನ್ ಅವರ ಕಥೆ ಹೇಳಿದಾಗ, ಆ ತಾಯಿ ಬಿಟ್ಟುಹೋದ ಮಗು ಏನಾಯಿತು ಹಜ್ರತ್ ಎಂದು ಕೇಳಿದ. ಬದುಕಿ ಬೆಳೆಯಿತು ಎಂದೆವು. ಅವನು ತುಸು ಹೊತ್ತು ಸುಮ್ಮನಿದ್ದು ತನ್ನ ಜಾಗಕ್ಕೆ ಹೋಗಿ ಕೂತ. ಮೊದಲು ಕೊಂದವನ ಲೆಕ್ಕ ಕೇಳಿದ್ದವನು ಈಗ ಬದುಕಿದವನ ಸುದ್ದಿ ಕೇಳಿದ್ದ. ನಮಗೆ ಅಷ್ಟು ಸಾಕಾಯಿತು.

ನಮ್ಮ ಕೈಗೆ ಒಪ್ಪಿಸಲಾಗಿರುವ ಅಮಾನತ್ತನ್ನು ಕಾಪಾಡುವ ಧೈರ್ಯವನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ನಮ್ಮ ದ್ವೇಷಗಳಿಂದ ನಮ್ಮ ನ್ಯಾಯವನ್ನು ಅವನು ರಕ್ಷಿಸಲಿ. ಫೆಲೆಸ್ತೀನಿನಲ್ಲಿಯೂ ಜಗತ್ತಿನ ಎಲ್ಲೆಡೆಯೂ ಬಾಗಿಲು ತಟ್ಟುತ್ತ ನಿಂತಿರುವವರಿಗೆ ಒಂದು ಬಾಗಿಲನ್ನು ತೆರೆಯಲಿ. ಆ ಬಾಗಿಲು ನಮ್ಮದೇ ಆಗಿದ್ದರೆ, ಎದ್ದು ಹೋಗಿ ತೆರೆಯುವ ಸನ್ಮತಿಯನ್ನು ನಮಗೆ ದಯಪಾಲಿಸಲಿ. ಆಮೀನ್.